ತೊಂದರೆ ಆದರೆ ಹೇಳಿ

ಇಂಗ್ಲಿಷ್ ಟೀಚರು ಕೊಟ್ಟ ಹಾಳೆಯಲ್ಲಿ ಹತ್ತು ಕ್ರಿಯಾಪದಗಳಿದ್ದವು. ಒಂಬತ್ತಕ್ಕೆ ಸರಸರನೆ ವಾಕ್ಯ ಬರೆದ ಅಶ್ಮಿತಾ ಹತ್ತನೆಯದಕ್ಕೆ ಬಂದು ಪೆನ್ನು ಕಚ್ಚುತ್ತ ಕೂತಳು.

"ಅಮ್ಮಾ, ಇನ್ಸಿನ್ಯುಯೇಟ್. ಒಂದು ಸೆಂಟೆನ್ಸ್ ಹೇಳು."

ದೀಪ್ತಿ ಮಂಚದ ತುದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ತಾಯಿಮಗಳಿಗೆ ಇದ್ದದ್ದು ಒಂದು ಕೋಣೆ, ಒಂದು ಮಂಚ. ಓದು, ಊಟ, ಇಸ್ತ್ರಿ ಎಲ್ಲ ಅದರ ಮೇಲೆಯೇ.

"ಸೂಚನೆ ಕೊಡುವುದಲ್ವಾ? ಹಿಂಟ್?"

"ಹಿಂಟ್ ಬರ್ತ್‌ಡೇ ಗಿಫ್ಟಿಗೂ ಕೊಡ್ತೇವೆ. ಇದು ಹಾಗಲ್ಲ. ಇದು ಬೇಜಾರಿನ ವಿಷಯವನ್ನೇ ಮೆಲ್ಲ ಒಳಗೆ ತೂರಿಸುವುದು. ಹೇಳಿದ್ದೂ ಆಯ್ತು, ಮತ್ತೆ ಕೇಳಿದ್ರೆ 'ನಾನೆಲ್ಲಿ ಹೇಳಿದೆ' ಅಂತ ತಪ್ಪಿಸಿಕೊಳ್ಳಲಿಕ್ಕೂ ಆಯ್ತು. ಟೀಚರ್ ಹೇಳಿದ್ರು, ಕದ್ದದ್ದು ನೀನೇ ಅನ್ನುವ ಬದಲು, ನೀನು ಬಂದು ಹೋದ ಮೇಲೇ ಪರ್ಸ್ ಕಾಣ್ತಿಲ್ಲ ಅನ್ನುವುದು." ಹುಡುಗಿ ದನಿ ತಗ್ಗಿಸಿದಳು. "ನಮ್ಮ ನತಾಶಾ ಆಂಟಿ ಮಾಡ್ತಾರಲ್ಲ, ಎಕ್ಸಾಕ್ಟ್ಲಿ ಅದು."

"ಬಾಯಿ ಮುಚ್ಚು. ಆಚೆ ಕೋಣೆಗೆ ಕೇಳ್ತದೆ."

"ಕೇಳ್ಲಿ."

ದೀಪ್ತಿ ಮಡಚಿದ ಚೂಡಿದಾರವನ್ನೇ ಬಿಡಿಸಿ ಮತ್ತೆ ಮಡಚಿದಳು. ಕೊಂಕು, ಕುಹಕ, ಚುಚ್ಚುಮಾತು ಎಂದು ಕನ್ನಡದಲ್ಲಿ ಎಷ್ಟೋ ಇವೆ. ಆದರೆ ನತಾಶಾ ಕೊಂಕಾಡುವ ಹೆಂಗಸಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಮೊದಲು ಇವರ ಕೋಣೆಗೇ ಬರುತ್ತಿತ್ತು. ದೀಪ್ತಿ ಕೊಟ್ಟ ಅಷ್ಟಮಿಯ ಉಂಡೆ ಚಕ್ಕುಲಿಯನ್ನು ಅವಳು ತಾನು ಕೆಲಸ ಮಾಡುವ ಆಸ್ಪತ್ರೆಯ ರಿಸೆಪ್ಷನ್‌ಗೂ ಒಯ್ದು ಹಂಚುತ್ತಿದ್ದಳು. ಫ್ಲ್ಯಾಟು ಅವಳ ಗಂಡ ಲಿಯೊನೆಲ್‌ನ ಹೆಸರಿನಲ್ಲಿತ್ತು. ಒಂದು ಕೋಣೆಯನ್ನು ಇವರಿಗೆ ಬಿಟ್ಟುಕೊಟ್ಟು ನಾಲ್ಕು ವರ್ಷ ಆಗಿತ್ತು, ಒಂದು ದಿನವೂ ಮಾತಿಗೆ ಮಾತು ಬೆಳೆದದ್ದಿಲ್ಲ.

ಹೋದ ವರ್ಷ ದೀಪ್ತಿಯ ಗಂಡ ರಂಜಿತ್‌ನ ಕಂಪನಿ ತನ್ನ ಗೋದಾಮನ್ನು ದುಬೈಯ ಅಲ್ ಕೂಜ್‌ಗೆ ಸಾಗಿಸಿತು. ಅವನು ಅಲ್ಲಿ ಕಂಪನಿಯ ರೂಮಿನಲ್ಲಿ ಇನ್ನೂ ಮೂವರ ಜೊತೆ ಇದ್ದು, ಶುಕ್ರವಾರ ಸಂಜೆ ಬಸ್ಸು ಹಿಡಿದು ಬರುತ್ತಿದ್ದ. ಮಗಳ ಹತ್ತನೆಯ ಕ್ಲಾಸು ಮುಗಿಯುವವರೆಗೆ, ಅಂದರೆ ಮಾರ್ಚ್‌ವರೆಗೆ, ಹೀಗೇ ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಮಾತಾಡಿಕೊಂಡದ್ದು ಅವರಿಬ್ಬರೇ, ಆಚೆ ಕೋಣೆಯವರಿಗೆ ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ನತಾಶಾಳ ತಮ್ಮ ಶರ್ವಿನ್‌ಗೆ ಅಬುಧಾಬಿಯಲ್ಲಿ ಕೆಲಸವಾಯಿತು. ಅಲ್ಲಿಂದ ಶುರು. "ನಮ್ಮ ಶರ್ವಿನ್ ಹೆಂಡ್ತಿ ಮಗು ಕಟ್ಟಿಕೊಂಡು ಎಲ್ಲಿ ಇರ್ತಾನೋ ಏನೋ." "ಅಶ್ಮಿತಾ ಎಷ್ಟು ಉದ್ದ ಆದಳು ಮಾರಾಯ್ತಿ, ಆ ರೂಮಲ್ಲಿ ಕಾಲು ನೀಡ್ಲಿಕ್ಕಾದ್ರೂ ಆಗ್ತದಾ?" "ರಂಜಿತ್‌ಗೆ ಪಾಪ, ಪ್ರತಿ ವಾರ ಬಸ್ಸಲ್ಲಿ! ದುಬೈಯಲ್ಲೇ ಎಲ್ಲ ಒಟ್ಟಿಗಿದ್ರೆ ಎಷ್ಟು ಚಂದ." ಪ್ರತಿ ಸಲ ದೀಪ್ತಿ ನಕ್ಕು, "ಹೌದಲ್ವಾ ನತಾಶಕ್ಕ," ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಅರ್ಥವಾಗಿದೆ ಎಂದು ತೋರಿಸಿಕೊಂಡರೆ ಎದ್ದು ಹೋಗಬೇಕಾಗುತ್ತದಲ್ಲ. ಅರ್ಥವಾಗದವಳ ಹಾಗೆ ನವೆಂಬರ್‌ವರೆಗೆ ದಿನ ನೂಕಿದಳು.

ಮಗಳು ಆ ಶಬ್ದ ತಂದ ಮೇಲೆ ಮಾತ್ರ ತಡೆಯದಾಯಿತು. ಮಗುವಿಗೂ ಗೊತ್ತಾಗಿದೆ ಎಂದರೆ ಇನ್ನು ಯಾರಿಂದ ಮುಚ್ಚಿಡುವುದು?

ಮರುದಿನ ನತಾಶಾಗೆ ರಜೆ. ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ದೀಪ್ತಿ ಬಂಗುಡೆ ಕೊಯ್ಯುತ್ತಿದ್ದಳು. ಊರಿನಲ್ಲಿ ಇಂಥದ್ದಕ್ಕೆ ಒಂದು ದಾರಿ ಇದೆ. ಬಂದವರು, "ನಿಮಗೆ ತೊಂದರೆ ಆದರೆ ಹೇಳಿ, ನಾವು ಹೊರಡ್ತೇವೆ," ಅನ್ನಬೇಕು. ಮನೆಯವರು ಕೆನ್ನೆಗೆ ಕೈ ಹಚ್ಚಿ, "ಛೇ, ಎಂಥ ಮಾತು ಆಡ್ತೀರಿ," ಅನ್ನಬೇಕು. ಅಷ್ಟಾದರೆ ಇಬ್ಬರ ಮರ್ಯಾದೆಯೂ ಉಳಿದು, ಇನ್ನೂ ನಾಲ್ಕು ದಿನ ಇರುವ ಹಕ್ಕೂ ಹುಟ್ಟುತ್ತದೆ. ಆ "ಛೇ" ಬಂದ ಕೂಡಲೇ ಮಾರ್ಚ್ ಎಂಬ ಮಾತು ತೆಗೆಯುವುದೆಂದು ದೀಪ್ತಿ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದಳು.

"ನತಾಶಕ್ಕ, ನಿಮಗೆ ತೊಂದರೆ ಆದ್ರೆ ಹೇಳಿ ಆಯ್ತಾ. ನಾವು ಬೇರೆ ಎಲ್ಲಿಯಾದ್ರೂ ನೋಡ್ತೇವೆ."

ನತಾಶಾ ನಲ್ಲಿ ನಿಲ್ಲಿಸಿದಳು. ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ನಿಜವಾಗಿಯಾ ದೀಪ್ತಿ? ದೇವರಾಣೆ, ನಿನಗೆ ಹೇಗೆ ಹೇಳುವುದು ಅಂತ ಎರಡು ತಿಂಗಳಿಂದ ನನಗೆ ನಿದ್ದೆ ಇಲ್ಲ. ಲಿಯೊನೆಲ್ ಹತ್ರ ಎಷ್ಟು ಬೈಗುಳ ತಿಂದೆ! ನೀನೇ ಬಾಯಿ ಬಿಟ್ಟದ್ದು ದೊಡ್ಡ ಉಪಕಾರ ಆಯ್ತು. ಈ ತಿಂಗಳ ಕೊನೆಗೆ ಆಗ್ತದಲ್ಲ?"

ಸೋಪಿನ ಕೈಯಲ್ಲೇ ಅವಳು ದೀಪ್ತಿಯನ್ನು ಅಪ್ಪಿಕೊಂಡಳು. ಮೀನಿನ ಕೈಯನ್ನು ದೂರ ಹಿಡಿದು ನಿಂತ ದೀಪ್ತಿಯ ಬಾಯಿಯಿಂದ, ಹುಟ್ಟಿದಂದಿನಿಂದ ಕಲಿತ ಮರ್ಯಾದೆ, "ಆಗ್ತದೆ ಅಕ್ಕಾ," ಎಂದು ತಾನಾಗಿ ಹೊರಬಂತು.

ಫೋನಿನಲ್ಲಿ ರಂಜಿತ್ ಕೇಳಿದ, "ಹಾಗೆ ಹೇಳ್ಲಿಕ್ಕೆ ಯಾಕೆ ಹೋದದ್ದು ನೀನು?"

"ಅವರು ಛೇ ಅಂತಾರೆ ಅಂದುಕೊಂಡೆ."

ಅವನು ಬೈಯಲಿಲ್ಲ. ಅವನೂ ಆ ಊರಿನವನೇ.

ಇಡೀ ಫ್ಲ್ಯಾಟಿನ ಬಾಡಿಗೆ ರಂಜಿತ್‌ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಮಗಳು ಶಾಲೆಗೆ ಹೋದ ಮೇಲೆ ದೀಪ್ತಿ ಒಂದು ಕೋಣೆ ಹುಡುಕುತ್ತ ಹಮ್ದಾನ್ ಸ್ಟ್ರೀಟಿನ ಕಟ್ಟಡಗಳ ಮೆಟ್ಟಿಲು ಹತ್ತಿ ಇಳಿದಳು. ನಾಲ್ಕು ತಿಂಗಳಿಗೆ ಮಾತ್ರವಾ? ವರ್ಷಕ್ಕಾದರೆ ಬನ್ನಿ. ಓದುವ ಹುಡುಗಿ ಉಂಟಾ? ಹಾಗಾದರೆ ಬೇಡ, ಶಿಫ್ಟಿನವರು ಮಲಗಬೇಕು. ಒಂದು ಕಡೆ ಬೀಫಾತಿಮ ಎಂಬ ಉಳ್ಳಾಲದ ಹೆಂಗಸು ಕೂರಿಸಿ ಚಾ ಕೊಟ್ಟಳು. ಅವಳಲ್ಲಿ ಖಾಲಿ ಇದ್ದದ್ದು ಆರು ಹೆಂಗಸರ ಕೋಣೆಯಲ್ಲಿ ಒಂದೇ ಹಾಸಿಗೆ. "ಒಬ್ಬಳಾದ್ರೆ ಇರ್ಲಿ ಮಗಾ. ಇಬ್ಬರಿಗೆ ಮಾಫಿ, ಜಾಗ ಇಲ್ಲ. ಮಾಲೀಕ ಎಣಿಸ್ತಾನೆ." ಹದಿನೈದರ ಹುಡುಗಿಯನ್ನು ಗುರುತಿಲ್ಲದವರ ನಡುವೆ ಬಿಟ್ಟು ತಾನು ಊರಿಗೆ ಹೋಗುವುದು ಹೇಗೆ? ಶಾಲೆಯ ಆಫೀಸಿನಲ್ಲಿ, ದುಬೈಗಾಗಲಿ ಊರಿಗಾಗಲಿ ಪರೀಕ್ಷೆಯ ಸೆಂಟರ್ ಬದಲಿಸುವ ದಿನ ಕಳೆದುಹೋಗಿದೆ ಎಂದರು.

ಇಪ್ಪತ್ತನಾಲ್ಕನೆಯ ತಾರೀಕು ಅಶ್ಮಿತಾ ಶಾಲೆಯ ಬ್ಯಾಗನ್ನೂ ಇಳಿಸದೆ ನೇರ ನತಾಶಾಳ ಬಾಗಿಲಿಗೆ ಹೋಗಿ ನಿಂತಳು. ತಡೆಯಲು ದೀಪ್ತಿ ಹಿಂದೆಯೇ ಓಡಿದಳು.

"ಆಂಟಿ, ನನ್ನ ಬೋರ್ಡ್ ಎಕ್ಸಾಮ್ ಮುಗಿಯುವವರೆಗೆ ನಾವು ಇಲ್ಲಿ ಇರ್ಬಹುದಾ? ಪ್ಲೀಸ್. ಮಾರ್ಚ್‌ವರೆಗೆ ಮಾತ್ರ."

ನತಾಶಾ ಕೂತಲ್ಲಿಂದ ಎದ್ದಳು. ಮಗುವಿನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು.

"ಎಂತ ದೀಪ್ತಿ ಇದು? ಇದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು? ಮಗುವಿನ ಪರೀಕ್ಷೆ ಅಂದಿದ್ರೆ ನಾನು ಬೇಡ ಅಂತಿದ್ದೆನಾ? ಶರ್ವಿನ್‌ಗೆ ನಾಲ್ಕು ತಿಂಗಳು ಬಿಟ್ಟು ಬಾ ಅಂತಿದ್ದೆ." ಅವಳು ಮತ್ತೆ ಕೂತಳು. "ಈಗ ಅವರು ಊರಲ್ಲಿ ಮನೆ ಬಿಟ್ಟು ಆಯ್ತು. ವೀಸಾ ಆಯ್ತು, ಟಿಕೆಟ್ ಆಯ್ತು. ಒಂದನೇ ತಾರೀಕಿಗೆ ಮಗುವನ್ನು ಎತ್ತಿಕೊಂಡು ಇಳೀತಾರೆ. ನಾನು ಈಗ ಯಾರನ್ನು ಬೀದಿಗೆ ಹಾಕ್ಲಿ, ಹೇಳು?"

"ನಿಮ್ಮದು ತಪ್ಪಿಲ್ಲ ಅಕ್ಕಾ," ಎಂದಳು ದೀಪ್ತಿ. ಅದು ಮರ್ಯಾದೆಗೆ ಆಡಿದ್ದಲ್ಲ.

ಕೋಣೆಗೆ ಬಂದು ಬಾಗಿಲು ಹಾಕಿ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ನೋಡುವ, ಏನಾದರೂ ದಾರಿ ಸಿಗುತ್ತದೆ, ದೇವರಿದ್ದಾನೆ ಎಂಬ ಮಾತುಗಳೆಲ್ಲ ನಾಲಿಗೆಯ ತುದಿಯವರೆಗೆ ಬಂದವು. ಅವನ್ನೆಲ್ಲ ನುಂಗಿದಳು.

"ನೀನು ಈ ವರ್ಷ ಪರೀಕ್ಷೆ ಬರೆಯುವುದಿಲ್ಲ ಮಗಾ. ನಾವಿಬ್ಬರು ಇಪ್ಪತ್ತೊಂಬತ್ತಕ್ಕೆ ಊರಿಗೆ ಹೋಗ್ತೇವೆ. ಬರುವ ವರ್ಷ ಅಲ್ಲಿ ಮತ್ತೆ ಹತ್ತನೆಗೆ ಕೂರ್ಬೇಕು. ಅಪ್ಪ ಬರುವುದಿಲ್ಲ."

ಅಶ್ಮಿತಾ ಬೇರೇನಾದರೂ ಇದೆಯೋ ಎಂದು ತಾಯಿಯ ಮುಖವನ್ನೇ ನೋಡುತ್ತ ಕಾದಳು. ಬೇರೇನೂ ಇರಲಿಲ್ಲ. ಬೆನ್ನ ಮೇಲೆ ಇನ್ನೂ ಇದ್ದ ಬ್ಯಾಗಿನ ಪಟ್ಟಿಯನ್ನು ದೀಪ್ತಿಯೇ ಒಂದೊಂದಾಗಿ ಬಿಡಿಸಿದಳು.