ಪಂಪಿನ ಮೇಲೆ ಕೂತ ಹಸಿರು ಬಾಣ

ಪೀಣ್ಯದಲ್ಲಿ ತಯಾರಾಗುವ ನೀರಿನ ಪಂಪುಗಳಲ್ಲಿ ಅರ್ಧಕ್ಕರ್ಧ ತನ್ನ ಸೊಸೆ ಭಾಗ್ಯಶ್ರೀಯೇ ಜೋಡಿಸಿದ್ದು ಎಂದು ಲಗ್ಗೆರೆಯ ಬೈರಮ್ಮ ಬೀದಿಗೆಲ್ಲ ಸಾರಿದ್ದಳು. ಒತ್ತಿ ಕೇಳಿದರೆ, "ಅರ್ಧ ಸುಳ್ಳು ಕಣವ್ವ. ಮಿಕ್ಕಿದ್ದು ಇನ್ನೇನು ನಿಜ ಆಯ್ತದೆ" ಎಂದು ನಗುತ್ತಿದ್ದಳು.

ಭಾಗ್ಯಶ್ರೀ ಪಂಪಿನ ಕಾರ್ಖಾನೆಯಲ್ಲಿದ್ದದ್ದು ನಿಜ, ಆದರೆ ಪ್ಯಾಕಿಂಗ್‌ನಲ್ಲಿ. ಡಬ್ಬ ಅಂಟಿಸಿ ಅಂಟಿಸಿ ಅವಳ ಬೆರಳಿಗೇ ಟೇಪು ಬೆಳೆದಿತ್ತು. ಈಗ ಜೋಡಣೆ ವಿಭಾಗಕ್ಕೆ ಹೋಗುವ ಅವಕಾಶ ಬಂದಿತ್ತು. ಸೋಮವಾರ ಸೂಪರ್‌ವೈಸರ್ ಆವಲಪ್ಪನ ಎದುರು ಒಬ್ಬಳೇ ಒಂದು ಪಂಪು ಜೋಡಿಸಬೇಕು. ಸೋರಿದರೆ ಮತ್ತೆ ಡಬ್ಬವೇ ಗತಿ.

ಪಕ್ಕದ ಮನೆಯ ಲಾವಣ್ಯ ಅದೇ ಕಾರ್ಖಾನೆಯಲ್ಲಿ ಕೆಲಸ ಕಲಿಸುವವಳು. ಭಾನುವಾರ ಅನುಮತಿ ಪಡೆದು ಒಂದು ಹಳೆಯ ಪಂಪನ್ನೂ ಎಆರ್ ಕನ್ನಡಕವನ್ನೂ ತಂದಳು. ಹಾಕಿಕೊಂಡರೆ ಎದುರಿನ ಪಂಪು ಕಾಣುತ್ತದೆ, ಅದರ ಮೇಲೆಯೇ ಹಸಿರು ಬಾಣ ಮೂಡಿ ಮುಂದೆ ಯಾವ ಬೋಲ್ಟು, ಎಷ್ಟು ಬಿಗಿ ಎಂದು ತೋರಿಸುತ್ತದೆ. ಪುಸ್ತಕ ತಿರುವಬೇಕಿಲ್ಲ, ಎರಡು ಕೈಯೂ ಕೆಲಸಕ್ಕೆ.

ಕಣ್ಣು ನೆಟ್ಟಗಿರುವವರಿಗೆ ಕನ್ನಡಕ ಯಾಕೆ ಎಂದು ಬೈರಮ್ಮ ಗೊಣಗಿದಳು. ಆದರೂ ಹೊಸ ಸಾಮಾನನ್ನು ಪೂಜೆ ಮಾಡದೆ ಮುಟ್ಟುವುದುಂಟೇ? ಅರಿಶಿನ ಕುಂಕುಮ ತಂದು, ಕನ್ನಡಕದ ನಡುವೆ ಹಣೆಯಂತೆ ಕಂಡ ಜಾಗಕ್ಕೆ ದಪ್ಪಗೆ ಬೊಟ್ಟಿಟ್ಟಳು. ಭಾಗ್ಯಶ್ರೀ ಹಾಕಿಕೊಂಡರೆ ಬಾಣವೇ ಇಲ್ಲ.

"ಅಜ್ಜಿ, ಅದು ಹಣೆ ಅಲ್ಲ, ಕ್ಯಾಮೆರಾ. ಅದರ ಕಣ್ಣಿಗೇ ಕುಂಕುಮ ಬಳಿದ್ರೆ ಅದೇನು ನೋಡುತ್ತೆ?" ಎಂದು ಲಾವಣ್ಯ ನಕ್ಕಳು.

"ಕ್ಯಾಮೆರಾನಾ? ಅಂಗಾದ್ರೆ ನಾನಿಲ್ಲಿ ಸೀರೆ ಉಡೋದೂ ನಿಮ್ಮ ಕಾರ್ಖಾನೆಗೆ ಕಾಣ್ತದೇನೇ?"

ಅಜ್ಜಿ ಕೇಳಿದ್ದು ಸರಿಯಾಗಿಯೇ ಇದೆ ಎಂದಳು ಲಾವಣ್ಯ. ಕೇಳದೆ ಯಾರ ಚಿತ್ರವನ್ನೂ ಹಿಡಿಯಬಾರದು, ಕೆಲಸ ಮುಗಿದೊಡನೆ ಆರಿಸಿಡಬೇಕು. ಬಹಳ ಹೊತ್ತು ಹಾಕಿದರೆ ಕಣ್ಣು ದಣಿದು ತಲೆ ನೋಯಬಹುದು. ಹಾಕಿಕೊಂಡು ಓಡಾಡಿದರೆ ಪಕ್ಕದಿಂದ ಬರುವ ಗಾಡಿ ಗಮನಕ್ಕೆ ಬಾರದು. ಬ್ಯಾಟರಿಯನ್ನಂತೂ ನಂಬುವಂತಿಲ್ಲ. ಇಷ್ಟು ಹೇಳಿ ಮೆತ್ತನೆ ಬಟ್ಟೆಯಿಂದ ಕುಂಕುಮ ಒರೆಸಿ, ಮೊದಲು ಬೈರಮ್ಮನಿಗೇ ಹಾಕಿದಳು.

"ಏ ಭಾಗ್ಯ, ಪಂಪಿನ ಮ್ಯಾಲೆ ಗಿಣಿ ಕೂತಂಗೈತೆ ಕಣೆ," ಎಂದ ಬೈರಮ್ಮನಿಂದ ಕನ್ನಡಕ ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಸಂಜೆಯವರೆಗೂ ಭಾಗ್ಯಶ್ರೀ ಬಿಚ್ಚಿದಳು, ಜೋಡಿಸಿದಳು. ಲಾವಣ್ಯ ನಡುನಡುವೆ ಕನ್ನಡಕ ತೆಗೆಸಿ, ಮುಂದಿನದು ಯಾವುದೆಂದು ಬಾಯಲ್ಲಿ ಹೇಳಿಸಿದಳು.

ಸೋಮವಾರ ಕನ್ನಡಕ ಹಾಕಿಕೊಂಡ ಭಾಗ್ಯಶ್ರೀಯ ಕೈ ಬಿಎಂಟಿಸಿ ಬಸ್ಸಿಗಿಂತ ಜೋರಾಗಿ ಓಡಿತು. ಮುಕ್ಕಾಲು ಕೆಲಸವಾಗಿತ್ತು, ಕನ್ನಡಕ ಆರಿಹೋಯಿತು. ಬ್ಯಾಟರಿ ಖಾಲಿ.

"ಚಾರ್ಜ್ ಆಗೋ ತನಕ ಕಾಯ್ತೀಯೇನಮ್ಮ?" ಎಂದ ಆವಲಪ್ಪ.

ಭಾಗ್ಯಶ್ರೀ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಬೇಡ ಸಾರ್. ಉಳಿದಿದ್ದು ನಂಗೇ ಗೊತ್ತು."

ಉಳಿದದ್ದನ್ನು ಜೋಡಿಸಿ ಕೊನೆಯ ಬೋಲ್ಟು ಬಿಗಿದಳು. ಪಂಪು ಗುರ್ರೆಂದಿತು, ನೀರು ಧುಮ್ಮಿಕ್ಕಿತು. ಆವಲಪ್ಪ ಬಗ್ಗಿ ಒಂದೊಂದು ಸಂದಿಯ ಸುತ್ತಲೂ ಬೆರಳು ಸವರಿದ. ಆಮೇಲೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

ಅಕ್ಕಂದಿರೇ, ನಿಮ್ಮ ಕೆಲಸದ ಜಾಗಕ್ಕೂ ಇಂಥ ಕನ್ನಡಕ ಬಂದರೆ ಹೆದರಿ ಹಿಂದೆ ಸರಿಯಬೇಡಿ, ಕೇಳಿ ಕಲಿಯಿರಿ. ಕಣ್ಣಿಗೆ ಬಿಡುವು ಕೊಡಿ, ನಡೆಯುವಾಗ ತೆಗೆಯಿರಿ. ಅದು ದಾರಿ ತೋರಿಸಲಿ, ವಿದ್ಯೆ ಮಾತ್ರ ನಿಮ್ಮ ಕೈಯಲ್ಲಿರಲಿ.

ಮಂಗಳವಾರ ಬೈರಮ್ಮ ಇಡೀ ಲಗ್ಗೆರೆಗೆ ಸಾಲುವಷ್ಟು ಒಬ್ಬಟ್ಟು ತಟ್ಟಿದಳು. ಆವಲಪ್ಪನ ಬೆರಳು ಒದ್ದೆಯಿತ್ತೋ, ಒಣಗಿತ್ತೋ? ಅದನ್ನು ನೀವೇ ಹೇಳಿ ನೋಡೋಣ.