ಬಣ್ಣದ ಮನೆಯ ಪತ್ರಗಳು

ನೇಕಾರರ ಒಂದು ಊರಿತ್ತು. ಅಲ್ಲಿನ ದೊಡ್ಡ ಬೀದಿಯ ಈಚೆಗೆ ರಾಮಲಿಂಗಪ್ಪನ ಮಗ್ಗದ ಮನೆ, ಆಚೆಗೆ ಅವನ ಅಕ್ಕ ಚೌಡಮ್ಮನ ಬಣ್ಣದ ಮನೆ. ಅವಳು ಅದ್ದಿದ ನೂಲಿಲ್ಲದೆ ಇವನ ಮಗ್ಗ ಆಡುತ್ತಿರಲಿಲ್ಲ. ಇವನ ಮಗ್ಗ ಆಡದಿದ್ದರೆ ಅವಳ ಒಲೆ ಉರಿಯುತ್ತಿರಲಿಲ್ಲ. ಆದರೂ ತಂದೆ ತೀರಿಕೊಂಡಾಗಿನಿಂದ, ಹನ್ನೊಂದು ವರ್ಷ, ಇಬ್ಬರಿಗೂ ಮಾತಿರಲಿಲ್ಲ. ಅಪ್ಪ ಹೋಗುವಾಗ ತಮ್ಮ ಹೇಳಿಕಳಿಸಲಿಲ್ಲ ಎಂದು ಅವಳು. ಹೇಳಿಕಳಿಸಿದರೂ ಅಕ್ಕ ಬರಲಿಲ್ಲ ಎಂದು ಇವನು.

ವ್ಯವಹಾರವೆಲ್ಲ ಪತ್ರದಲ್ಲೇ. ಕೆಂಪು ನೂಲು ಬೇಕೆಂದು ಎರಡು ಸಾಲು ಬರೆಯಲು ರಾಮಲಿಂಗಪ್ಪ ಅರ್ಧ ದಿನ ಕೂರುತ್ತಿದ್ದ, ಎಲ್ಲಿ ಚುಚ್ಚಿದರೆ ಹೆಚ್ಚು ನೋಯುತ್ತದೆಂದು ಯೋಚಿಸುತ್ತ. ಉತ್ತರವೂ ಅಷ್ಟೇ ಹರಿತವಾಗಿ, ಅಷ್ಟೇ ತಡವಾಗಿ ಬರುತ್ತಿತ್ತು. ನೂಲಿಗೆ ಕಾದು ಕಾದು ನೇಕಾರರು ಒಬ್ಬೊಬ್ಬರಾಗಿ ಊರು ಬಿಡತೊಡಗಿದರು.

ಆಗ ರಾಮಲಿಂಗಪ್ಪನ ಗುಮಾಸ್ತೆ ಸಾವಂತ್ರಿ ಕಂಪ್ಯೂಟರಿನಲ್ಲಿ ಎಐ ಸಹಾಯಕವೊಂದನ್ನು ಕೂರಿಸಿದಳು. ಪತ್ರ ಬರೆಯುವುದು, ದಿನ ಗೊತ್ತುಮಾಡುವುದು, ಬಂದದ್ದಕ್ಕೆ ಉತ್ತರಿಸುವುದು ಅದರ ಕೆಲಸ. ಅದೇ ವಾರ ಬಣ್ಣದ ಮನೆಯೂ ಅಂಥದೇ ಒಂದನ್ನು ತರಿಸಿಕೊಂಡಿತು; ಅದು ರಾಮಲಿಂಗಪ್ಪನಿಗೆ ಗೊತ್ತಿರಲಿಲ್ಲ.

ಆಮೇಲಿನದನ್ನು ಊರು ಬಾಯಿಬಿಟ್ಟು ನೋಡಿತು. ಬೆಳಿಗ್ಗೆ ಕೇಳಿದ ನೂಲು ಸಂಜೆಗೆ ಬಂತು. ನಿಂತ ಮಗ್ಗಗಳು ಮತ್ತೆ ಸದ್ದು ಮಾಡಿದವು. ಹೋದವರು ಗಂಟುಮೂಟೆ ಹೊತ್ತು ಮರಳಿದರು.

ಒಂದು ಮಧ್ಯಾಹ್ನ ಬಿಡುವಾಗಿದ್ದ ರಾಮಲಿಂಗಪ್ಪ ಕಂಪ್ಯೂಟರಿನಲ್ಲಿ ಹಳೆಯ ಪತ್ರಗಳನ್ನು ತೆರೆದ. 'ತಡವಾದದ್ದಕ್ಕೆ ಕ್ಷಮಿಸಿ' ಎಂದು ತನ್ನ ಹೆಸರಿನಲ್ಲಿ ಹೋಗಿತ್ತು. ಅದು ಯಂತ್ರದ ಮಾತೆಂದು ಅವನಿಗೆ ಗೊತ್ತು. ಆದರೆ ಅಕ್ಕನಿಂದ ಉತ್ತರ ಬಂದಿತ್ತು: 'ಪರವಾಗಿಲ್ಲ. ನೀವೂ ಬಹಳ ದಣಿದಿರಬೇಕು. ಆರೋಗ್ಯ ನೋಡಿಕೊಳ್ಳಿ.'

ಅವನ ಕಣ್ಣು ತುಂಬಿ ಬಂತು. "ಇವತ್ತಿನ ಕೆಲಸ ಮುಂದಕ್ಕೆ ಹಾಕು. ಅಕ್ಕನ ಮನೆಗೆ ಹೋಗ್ತಿದ್ದೀನಿ ಅಂತ ತಿಳಿಸು" ಎಂದು ಸಹಾಯಕಕ್ಕೆ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದ.

ಚೌಡಮ್ಮ ಬಾಗಿಲಲ್ಲಿ ನಿಂತಳು. ಕೈ ನೀಲಿಯಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕ, ನಿನ್ನ ಪತ್ರ ಓದಿದೆ."

"ಯಾವ ಪತ್ರ? ಅದನ್ನೆಲ್ಲ ಯಂತ್ರ ನೋಡಿಕೊಳ್ಳುತ್ತೆ."

ಅವಳು ನೀಲಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳೇ ಕೇಳಿದಳು: "ಅಪ್ಪ ಹೋಗುವಾಗ ಯಾಕೋ ಹೇಳಿಕಳಿಸಲಿಲ್ಲ?"

"ಕಳಿಸಿದ್ದೆ. ನೀನೇ ಬರಲಿಲ್ಲ."

"ಸುಳ್ಳು!"

ಹನ್ನೊಂದು ವರ್ಷದ ಮಾತು ಬೀದಿಗೆಲ್ಲ ಕೇಳಿಸಿತು. ಬಾಗಿಲು ದಡಾರನೆ ಮುಚ್ಚಿತು.

ರಾಮಲಿಂಗಪ್ಪ ಏದುಸಿರು ಬಿಡುತ್ತ ಮರಳಿದಾಗ ಪರದೆಯ ಮೇಲೆ ಬಣ್ಣದ ಮನೆಯ ಹೊಸ ಪತ್ರವಿತ್ತು: 'ಇಂದು ನೀವು ಬಂದದ್ದು ಬಹಳ ಸಂತೋಷ.' ಅದರ ಕೆಳಗೆ ಅವನದೇ ಹೆಸರಿನ ಉತ್ತರ ಸಿದ್ಧವಾಗಿತ್ತು: 'ನಿಮ್ಮನ್ನು ಕಂಡು ಮನಸ್ಸು ಹಗುರಾಯಿತು. ಮತ್ತೆ ಬರುತ್ತೇನೆ.'

ಜಗಳ ಕೇಳಿಸಿಕೊಂಡಿದ್ದ ಸಾವಂತ್ರಿ ಮೆಲ್ಲಗೆ ಕೇಳಿದಳು, "ಇದನ್ನ ತಡೀಲಾ, ಯಜಮಾನ್ರೆ?"

ಅವನು ಎರಡು ಯಂತ್ರಗಳ ಆ ಪತ್ರಗಳನ್ನು ಬಹಳ ಹೊತ್ತು, ಬೆರಗಿನಿಂದ ನೋಡಿದ.

"ಬೇಡಮ್ಮ, ಹೋಗಲಿ," ಎಂದ. "ಅವರಿಬ್ಬರಾದರೂ ಚೆನ್ನಾಗಿರಲಿ."