ಉದುರಿಹೋದ ವರ್ಗಮೂಲ

ಕೆ.ಆರ್. ನಗರದ ಸುನಂದಮ್ಮ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಈಗ ದಿನಾ ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದರೆಂದರೆ, ಆನ್‌ಲೈನ್ ಗಣಿತ ಚರ್ಚಾ ತಾಣವೊಂದರಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದರು. ಸಮೀಕರಣಗಳನ್ನು ವರ್ಡ್‌ನಲ್ಲಿ ಅಂದವಾಗಿ ಬರೆದು, ಕಾಪಿ ಮಾಡಿ ತಾಣದಲ್ಲಿ ಪೇಸ್ಟ್ ಮಾಡುವರು. ಆಮೇಲೆ ಅದನ್ನು ತಿರುಗಿ ಓದುವ ಅಭ್ಯಾಸವಿರಲಿಲ್ಲ. ತಾವು ಬರೆದದ್ದು ತಮಗೆ ಗೊತ್ತೇ ಇತ್ತಲ್ಲ.

ಹುಣಸೂರಿನ ಬಡಗಿ ಜೀಶಾನ್ ಒಂದು ದಿನ ಅಲ್ಲಿ ಕೇಳಿದ: ‘ದುಂಡು ಮೇಜಿನ ತ್ರಿಜ್ಯ 24 ಇಂಚು. ಗಿರಾಕಿಗೆ ಅದರ ಅರ್ಧ ವಿಸ್ತೀರ್ಣದ ಇನ್ನೊಂದು ಮೇಜು ಬೇಕಂತೆ. ತ್ರಿಜ್ಯ ಎಷ್ಟಿಡಲಿ?’

ಇಪ್ಪತ್ನಾಲ್ಕನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು, ಹತ್ತಿರಹತ್ತಿರ ಹದಿನೇಳು ಇಂಚು. ಸುನಂದಮ್ಮ ಸಮೀಕರಣವನ್ನಷ್ಟೇ ಹಾಕಿದರು. ಭಾಗಾಕಾರವನ್ನು ಕೇಳಿದವರೇ ಮಾಡಿಕೊಳ್ಳಬೇಕೆಂಬುದು ಅವರ ಪದ್ಧತಿ.

ನಾಲ್ಕು ದಿನದ ಮೇಲೆ ಜೀಶಾನ್ ವಂದನೆ ಹೇಳಿ ಫೋಟೊ ಹಾಕಿದ. ದೊಡ್ಡ ಮೇಜಿನ ಪಕ್ಕದಲ್ಲಿ ಕೂರುವ ಸ್ಟೂಲಿನಂಥದ್ದೊಂದು ನಿಂತಿತ್ತು. ಸುನಂದಮ್ಮ ಕನ್ನಡಕ ಒರೆಸಿಕೊಂಡು ತಮ್ಮ ಉತ್ತರವನ್ನು ಮೊದಲ ಸಲ ಓದಿದರು. ಅಲ್ಲಿ 24/2 ಎಂದಿತ್ತು. ಪೇಸ್ಟ್ ಮಾಡುವಾಗ ವರ್ಗಮೂಲದ ಚಿಹ್ನೆ ಉದುರಿಹೋಗಿತ್ತು.

ಅಂಗಡಿಯ ವಿಳಾಸ ಕೇಳಿಕೊಂಡು, ಹನ್ನೊಂದರ ಬಸ್ಸಿಗೆ ಅವರು ಹುಣಸೂರಿಗೆ ಹೊರಟರು.

“ಅರ್ಧ ಅಂದ್ರೆ ಹನ್ನೆರಡೇ ಇರಬೇಕು ಅಂತ ನಂಗೂ ಅನ್ನಿಸಿತ್ತು ಮೇಡಂ,” ಅಂದ ಜೀಶಾನ್, ಕುರ್ಚಿ ಒರೆಸಿಕೊಡುತ್ತ. “ನೀವೂ ಅಂಗೇ ಬರೆದಿದ್ರಿ. ಕುಯ್ದ್‌ಬುಟ್ಟೆ.”

“ಇದು ಅರ್ಧ ಅಲ್ಲಪ್ಪ, ಕಾಲು. ತಪ್ಪು ನಂದು.”

ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ನೀರು ಕೇಳಿದರು.

ನೀರು ತಂದವಳು ಜೀಶಾನನ ತಂಗಿ ಸುಫಿಯಾ. ಬಿ.ಎಸ್ಸಿ. ಓದುತ್ತಿದ್ದಳು. ಉತ್ತರವನ್ನು ಮೊಬೈಲಿನಲ್ಲಿ ನೋಡಿ, “ಪೇಸ್ಟ್ ಮಾಡ್ಬಾರ್ದು ಮೇಡಂ, ತಾಣದಲ್ಲೇ ಟೈಪ್ ಮಾಡ್ಬೇಕು,” ಅಂದಳು. “ಮೊದ್ಲು ಡಾಲರ್ ಚಿಹ್ನೆ. ಆಮೇಲೆ ಹಿಂದಕ್ಕೆ ವಾಲಿರೋ ಗೀಟು, ಎಸ್‌ಕ್ಯುಆರ್‌ಟಿ, ಹೂವಿನ ಆವರಣದಲ್ಲಿ ಎರಡು. ಕೊನೇಲಿ ಇನ್ನೊಂದು ಡಾಲರ್. ತಾಣನೇ ಅದನ್ನ ವರ್ಗಮೂಲ ಮಾಡಿ ತೋರ್ಸುತ್ತೆ.”

“ವರ್ಗಮೂಲಕ್ಕೂ ಡಾಲರ್‌ಗೂ ಏನಮ್ಮ ಸಂಬಂಧ?”

“ಗೊತ್ತಿಲ್ಲ ಮೇಡಂ. ಹಾಕ್ದಿದ್ರೆ ಬರಲ್ಲ, ಅಷ್ಟೆ.”

ಕಾರಣವಿಲ್ಲದೆ ಏನನ್ನೂ ಒಪ್ಪದ ಸುನಂದಮ್ಮ ಇದನ್ನು ಒಪ್ಪಿ, ಒಂಬತ್ತು ಸಲ ಟೈಪ್ ಮಾಡಿದರು. ಒಂಬತ್ತನೆಯ ಸಲ ವರ್ಗಮೂಲ ಎರಡರ ತಲೆಯ ಮೇಲೆ ಸರಿಯಾಗಿ ಚಾಚಿ ಕೂತಿತು. ಜೀಶಾನ್ ಹೊಸ ಹಲಗೆಯ ಮೇಲೆ ಹದಿನೇಳಿಂಚಿನ ದಾರ ಹಿಡಿದು ವೃತ್ತ ಎಳೆದು ಕುಯ್ದು ಮುಗಿಸುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಮನೆಗೆ ಬಂದವರು ತಮ್ಮ ಹಳೆಯ ಉತ್ತರಗಳನ್ನೆಲ್ಲ ಎರಡು ದಿನ ಕೂತು ಓದಿದರು. ಇನ್ನೂ ನಾಲ್ಕು ಕಡೆ ವರ್ಗಮೂಲ ಉದುರಿತ್ತು. ನಾಲ್ಕನ್ನೂ ತಿದ್ದಿ, ಕೇಳಿದ ನಾಲ್ವರಿಗೂ ಒಂದೇ ಸಾಲು ಬರೆದರು: ‘ನನ್ನ ಉತ್ತರ ನಂಬಿ ನೀವೇನಾದರೂ ಕುಯ್ದಿದ್ದೀರಾ?’

ಇಲ್ಲ, ಪರೀಕ್ಷೆಯಲ್ಲಿ ಬರೆದೆವು ಅಷ್ಟೆ ಎಂದು ಮೂವರು ತಿಳಿಸಿದರು. ನಾಲ್ಕನೆಯವರು ಪಿರಿಯಾಪಟ್ಟಣದವರು, ನೀರಿನ ತೊಟ್ಟಿಯ ಅಳತೆ ಕೇಳಿದ್ದವರು. ಅವರು ಸಂದೇಶ ಓದಿದ್ದಾರೆಂದು ತಾಣ ತೋರಿಸುತ್ತಿದೆ. ಉತ್ತರ ಇನ್ನೂ ಬಂದಿಲ್ಲ.